ನೆಲದಿಂದ ನಾಲ್ಕು ಬೆರಳು

೩ ಫೆಬ್ರವರಿ ೨೦೦೪, ಮಂಗಳವಾರ. ಇಪ್ಪತ್ಮೂರನೇ ದಿನ

ಇವತ್ತು ಶೆಡ್ಡಿನ ಬಾಗಿಲು ತೆಗೆಸಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈ ಡೈರಿಯನ್ನು ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ನಮ್ಮ ಯಜಮಾನರಿಗೆ ಕೊಟ್ಟಿದ್ದರು. ಜನವರಿ ಹನ್ನೊಂದರವರೆಗೆ, ತೊಳೆದ ಗಾಡಿಗಳ ನಂಬರುಗಳು ಇವರ ಕೈಬರಹದಲ್ಲಿವೆ. ಹನ್ನೆರಡನೇ ತಾರೀಕು ಬೆಳಿಗ್ಗೆ ಎದೆನೋವೆಂದು ಶೆಡ್ಡಿನಲ್ಲೇ ಕೂತವರು ಮತ್ತೆ ಏಳಲಿಲ್ಲ. ಅಲ್ಲಿಂದ ಪುಟಗಳು ಖಾಲಿ. ಇನ್ನು ನಾನು ಬರೆಯುತ್ತೇನೆ. ಚಿಂತಾಮಣಿಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು ನಾನು. ಮನೆಯಲ್ಲಿ ಮಿಕ್ಕವರಿಗೆ ಉರ್ದು ಮಾತ್ರ ಓದಲು ಬರುತ್ತದೆ. ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್. ಬಳೆ ತೊಡಬಾರದು, ಅತ್ತರು ಹಚ್ಚಬಾರದು, ಬಣ್ಣದ ಬಟ್ಟೆ ಉಡಬಾರದು, ಮನೆಯಲ್ಲೇ ಇರಬೇಕು. ಎಲ್ಲವನ್ನೂ ಪಾಲಿಸುತ್ತಿದ್ದೇನೆ. ಆದರೆ ನಮ್ಮ ಮನೆ ಇರುವುದೇ ಶೆಡ್ಡಿನ ಬೆನ್ನಿಗೆ. ಅಡುಗೆಮನೆಯ ಬಾಗಿಲು ದಾಟಿದರೆ ಚಾಂದ್ ವಾಟರ್ ಸರ್ವೀಸ್, ಅದನ್ನು ದಾಟಿದರೆ ಓಲ್ಡ್ ಮದ್ರಾಸ್ ರೋಡು. ಹದಿನೈದು ಹೆಜ್ಜೆ.

ಮಧ್ಯಾಹ್ನ ಮೈದುನ ಶೌಕತ್ ಶಿವಾಜಿನಗರದಿಂದ ಧಾವಿಸಿ ಬಂದ. ಅಲ್ಲಿ ಅವನಿಗೆ ಹಳೇ ಬಿಡಿಭಾಗಗಳ ಅಂಗಡಿಯಿದೆ.

“ಭಾಭಿ, ಇದ್ದತ್‌ನಲ್ಲಿ ಬಾಗಿಲು ತೆಗೆಸಿದ್ದೀರಲ್ಲ, ಜನ ಏನಂತಾರೆ?”

“ಕಾರು ತೊಳೀತಾರೆ ಅಂತಾರೆ,” ಅಂದೆ.

ಜಾಗ ಹಲಸೂರಿನ ಮುನಿರಾಜಪ್ಪನವರದು. ಇವರ ಹೆಸರಿನ ಬಾಡಿಗೆ ಕರಾರು ಮೇ ಕೊನೆಗೆ ಮುಗಿಯುತ್ತದೆ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಕಾರು ತೊಳೆಯುವ ಬ್ರಷ್ ಮಷಿನ್ ಹಾಕಬೇಕೆಂದು ಶೌಕತ್‌ಗೆ ಆಸೆ. “ನಿಮಗೆ ಮಕ್ಕಳೂ ಇಲ್ಲ. ನಿಮ್ಮ ಊಟ ಬಟ್ಟೆ ನಾನು ನೋಡ್ಕೋತೀನಿ,” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಇವರು ಹದಿನಾರು ವರ್ಷ ನಿಂತು ಕಟ್ಟಿದ ಕೆಲಸ ಇದು. ಇವರು ಹೇಗೆ ನಡೆಸುತ್ತಿದ್ದರೋ ಹಾಗೆಯೇ ನಡೆಯುತ್ತದೆ. ಕೂದಲೆಳೆಯಷ್ಟೂ ಆಚೀಚೆ ಆಗಕೂಡದು.

೬ ಫೆಬ್ರವರಿ, ಶುಕ್ರವಾರ. ಇಪ್ಪತ್ತಾರನೇ ದಿನ

ಶೌಕತ್ ದೂರು ಹೇಳಿದ್ದಕ್ಕೆ ಅತ್ತೆ ತಾವೇ ಹೋಗಿ ಮಸೀದಿಯ ಹಜರತ್‌ರನ್ನು ಕೇಳಿಕೊಂಡು ಬಂದರು. ಹೊಟ್ಟೆಪಾಡಿಗೆ ಹಗಲು ಹೊರಗೆ ಬರಬಹುದು, ರಾತ್ರಿ ಮನೆಯಲ್ಲಿರಬೇಕು ಎಂದರಂತೆ. ಬಂದವರೇ ಬೆತ್ತದ ಕುರ್ಚಿ ಎಳೆದು ಅಡುಗೆಮನೆಗೂ ಶೆಡ್ಡಿಗೂ ನಡುವೆ ಹಾಕಿಕೊಂಡು, ತಸ್ಬಿ ಮಣಿಸರ ಹಿಡಿದು ಕೂತರು. ಎಪ್ಪತ್ತೆರಡು ವರ್ಷ, ಮಗನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ. “ಈಗ ಯಾರು ಬಂದು ಏನಂತಾರೋ ಅನ್ನಲಿ,” ಅಂದರು.

ಮುತ್ತುರಾಜ ಮೂರು ಗಾಡಿ ತೊಳೆದ. ಇವರ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಮಾಡಿದವನು. ನನ್ನ ಕಡೆ ನೋಡದೆಯೇ “ಅಕ್ಕಾ, ಸೋಪ್ ಮುಗೀತು” ಎನ್ನುತ್ತಾನೆ. ಅಭ್ಯಾಸವಾಗುತ್ತದೆ, ಅವನಿಗೂ ನನಗೂ.

೧೪ ಫೆಬ್ರವರಿ, ಶನಿವಾರ. ಮೂವತ್ತನಾಲ್ಕನೇ ದಿನ

ಇಂಥ ಕಾರನ್ನು ನಾನು ಕಂಡಿರಲಿಲ್ಲ. ಬದನೆಕಾಯಿ ಬಣ್ಣ, ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಜಾಗ. ಒಳಗಿದ್ದವರು ಇಳಿಯಲಿಲ್ಲ, ಬಾವಿಯಿಂದ ಬಂದಂತೆ ಮೇಲಕ್ಕೆದ್ದರು.

ಹೆಸರು ಸಿದ್ಧಲಿಂಗೇಶ. ಗುಲ್ಬರ್ಗಾ ಕಡೆಯವರು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಹಳೇ ಹೆರಾಲ್ಡ್ ಕಾರಿನ ತಳದ ಮೇಲೆ ಫೈಬರ್ ಮೈ ಕೂರಿಸಿ, ಕಗ್ಗದಾಸಪುರದ ಬಾಡಿಗೆ ಶೆಡ್ಡಿನಲ್ಲಿ ಒಂಬತ್ತು ವರ್ಷ ಒಬ್ಬರೇ ಕಟ್ಟಿದ ಸ್ಪೋರ್ಟ್ಸ್ ಕಾರಂತೆ. ಏಪ್ರಿಲ್ ನಾಲ್ಕಕ್ಕೆ ಕಂಟೋನ್ಮೆಂಟಿನ ಮೈದಾನದಲ್ಲಿ ಇಂಥವುಗಳ ಪ್ರದರ್ಶನವಿದೆ. ಅಲ್ಲಿಯವರೆಗೆ ವಾರವಾರ ತೊಳೆದು ಕೊಡುತ್ತೇನೆಂದು ಇವರು ಮಾತು ಕೊಟ್ಟಿದ್ದರಂತೆ.

“ಪಾಷಾ ಸಾಹೇಬ್ರು ಎಲ್ಲಿ ಅದಾರ್ರಿ?” ಎಂದು ಕೇಳಿದರು.

ಮುತ್ತು ತಲೆ ತಗ್ಗಿಸಿದ. ನಾನೇ ಹೇಳಿದೆ. ಅವರು ಕಾರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. “ನನಗ ಗೊತ್ತಿರ್ಲಿಲ್ರಿ ಅಕ್ಕಾರ. ನಾ ಹೋಗ್ತೀನಿ ಬಿಡ್ರಿ, ಇದು ತ್ರಾಸಿನ ಗಾಡಿ.”

“ಅವರು ಮಾತು ಕೊಟ್ಟಿದ್ರಲ್ಲ? ಹಾಗಾದ್ರೆ ಇಲ್ಲೇ ತೊಳೀತೀವಿ.”

ಜಂಬದ ಮಾತು. ಅರ್ಧ ಗಂಟೆಯಲ್ಲಿ ಅದರ ಫಲ ಸಿಕ್ಕಿತು. ಗಾಡಿ ಹತ್ತಿಸುವ ರ‍್ಯಾಂಪಿಗೆ ಮೂತಿ ಇಡುತ್ತಲೇ ಕೆಳಗೆ ಕರ್ ಎಂದಿತು. ಹಿಂದಕ್ಕೆ ತಳ್ಳಿ ನೆಲದ ಮೇಲೇ ನಿಲ್ಲಿಸಿದೆವು. ಮುತ್ತು ನೀರಿನ ಗನ್ ಎತ್ತಿಕೊಂಡ. ಇವರು ಹಿಡಿಯುತ್ತಿದ್ದ ಹಾಗೇ, ಒಂದು ಗೇಣು ದೂರದಿಂದ ಹಿಡಿ ಎಂದು ನಾನೇ ಹೇಳಿದೆ. ಬಾಗಿಲಿನ ಅಂಚಿನಿಂದ ಬಣ್ಣದ ಚಕ್ಕೆಯೊಂದು ಎದ್ದು ಹಾರಿತು. ಹೆಬ್ಬೆರಳಿನ ಉಗುರಿನಷ್ಟು.

ಮುತ್ತು ಅದನ್ನು ಕಾಲಿನಿಂದ ಮುಚ್ಚಲು ಹೋದ. ನಾನು ಎತ್ತಿ ಸಿದ್ಧಲಿಂಗೇಶರ ಕೈಯಲ್ಲಿಟ್ಟೆ. “ನಮ್ಮಿಂದ ಆಯ್ತು,” ಅಂದೆ. ಅವರು ನೋಡಿದರು, ಜೇಬಿಗೆ ಹಾಕಿಕೊಂಡರು, ಒದ್ದೆ ಕಾರಿನಲ್ಲೇ ಕೂತು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

೧೫ ಫೆಬ್ರವರಿ, ಭಾನುವಾರ. ಮೂವತ್ತೈದನೇ ದಿನ

ಇವರು ಒಂದು ಗೇಣು ದೂರದಿಂದಲೇ ಹಿಡಿಯುತ್ತಿದ್ದರು. ಹದಿನಾರು ವರ್ಷ. ತಪ್ಪು ಕಾರಿನದು.

೧೮ ಫೆಬ್ರವರಿ, ಬುಧವಾರ. ಮೂವತ್ತೆಂಟನೇ ದಿನ

ಮುತ್ತುವನ್ನು ಕಗ್ಗದಾಸಪುರಕ್ಕೆ ಕಳಿಸಿದೆ. ಆ ಕಾರಿನದೇ ಬಣ್ಣ ಬಳಿದ ಫೈಬರ್ ತುಂಡು ಏನಾದರೂ ಮಿಕ್ಕಿದ್ದರೆ ಕೇಳಿ ತಾ ಎಂದೆ. ಸರಿಯಾಗಿ ಕೂರದೆ ಬಿಟ್ಟಿದ್ದ ಬಾಗಿಲೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದ.

“ಇದರ ಮೇಲೆ ಪರೀಕ್ಷೆ ಮಾಡೋರು ಯಾರು ಅಂತ ಕೇಳಿದ್ರು ಅಕ್ಕಾ. ನೀವೇ ಅಂದೆ. ಒಳಗೆ ಹೋಗಿ ತಂದ್ಕೊಟ್ರು.”

ಇಡೀ ಮಧ್ಯಾಹ್ನ ಆ ಬಾಗಿಲಿನ ಜೊತೆ ಕಳೆದೆ. ಬಟ್ಟೆ ಪುಡಿಗೆ ಬಣ್ಣ ಮಂಕಾಯಿತು. ಪಾತ್ರೆ ಸೋಪು ಬಿಳಿ ಗೆರೆ ಬಿಟ್ಟಿತು. ಅಂಗಡಿಯಿಂದ ತರಿಸಿದ ಕಾರ್ ಶಾಂಪೂ ಚೆನ್ನಾಗಿ ತೊಳೆಯಿತು, ಆದರೆ ಶೆಡ್ಡೆಲ್ಲ ಗುಲಾಬಿ ವಾಸನೆ. ಅತ್ತೆ ಕುರ್ಚಿಯಲ್ಲೇ ಮೂಗು ಅರಳಿಸಿದರು.

“ಶಿರೀನ್, ಇದ್ದತ್‌ನಲ್ಲಿ ಮೊಣಕೈವರೆಗೆ ಅತ್ತರು ಹಚ್ಕೊಂಡು ಕೂರ್ತೀಯಾ?”

ಇದಕ್ಕೂ ಹಜರತ್‌ರ ಬಳಿ ಹೋಗಿ ಎನ್ನಲು ನನಗೆ ಮುಖವಿರಲಿಲ್ಲ. ಕೊನೆಗೆ ಅತ್ತೆಯೇ, “ನನ್ನ ಮದುವೆಯ ಬನಾರಸಿ ಸೀರೆ ಇವತ್ತಿಗೂ ಹೊಳೀತದೆ. ಅಂಟುವಾಳಕಾಯಿ ಬಿಟ್ಟು ಬೇರೇನೂ ಸೋಕಿಸಿಲ್ಲ,” ಅಂದರು.

ಅಂಟುವಾಳ ಕುದಿಸಿ ಎರಡು ಪದರ ಬಟ್ಟೆಯಲ್ಲಿ ಸೋಸಿದೆ. ನೊರೆ ಸಣ್ಣದು, ಕೊಳೆಯನ್ನು ಸದ್ದಿಲ್ಲದೆ ಬಿಡಿಸುತ್ತದೆ. ಬಟ್ಟೆಗೆಂದು ಇವರ ಹಳೇ ಲುಂಗಿ ತೆಗೆದುಕೊಂಡಿದ್ದೆ. ಅದರ ಅಂಚಿನ ಹೊಲಿಗೆ ಗೀರು ಹಾಕಿತು. ನನ್ನ ಮಲ್ಮಲ್ ದುಪಟ್ಟ ಗೀರು ಹಾಕಲಿಲ್ಲ. ಇನ್ನೊಂದು ಸಂಗತಿ ತಿಳಿಯಿತು. ಗುಂಡಗೆ ಉಜ್ಜಿದರೆ ಬಿಸಿಲಿಗೆ ಹಿಡಿದಾಗ ಜೇಡರಬಲೆಯಂಥ ಗೆರೆಗಳು ಕಾಣುತ್ತವೆ, ಉದ್ದಕ್ಕೆ ಎಳೆದರೆ ಇಲ್ಲ. ಇವರೂ ಮುತ್ತುವೂ ಎಷ್ಟೋ ವರ್ಷದಿಂದ ಗುಂಡಗೇ ಉಜ್ಜುತ್ತಿದ್ದರು.

ತಪ್ಪು ಕಾರಿನದಲ್ಲ ಎಂದು ಕಾಣುತ್ತದೆ.

೨೧ ಫೆಬ್ರವರಿ, ಶನಿವಾರ. ನಲವತ್ತೊಂದನೇ ದಿನ

ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು.

ರಸ್ತೆಯ ಕಡೆಗೆ ಟಾರ್ಪಾಲಿನ್ ಕಟ್ಟಿಸಿದ್ದೆ. ಕಾರನ್ನು ನೆರಳಿಗೆ ತಂದು ಮೈ ತಣ್ಣಗಾಗಲು ಬಿಟ್ಟೆವು. ಗನ್ ಬೇಡ, ಬರೀ ಪೈಪಿನ ನೀರು, ಧೂಳು ತಾನಾಗಿ ತೇಲಿ ಹೋಗುವಂತೆ. ಎರಡು ಬಕೆಟ್: ಒಂದರಲ್ಲಿ ಅಂಟುವಾಳ, ಇನ್ನೊಂದರಲ್ಲಿ ಬಟ್ಟೆ ಅದ್ದಿ ಮರಳು ಕಳೆಯಲು ಬರೀ ನೀರು. ಮೇಲಿನಿಂದ ಕೆಳಕ್ಕೆ. ಚಕ್ರಗಳಿಗೆ ಬೇರೆ ಬಟ್ಟೆ, ಕೊನೆಗೆ.

ಮುತ್ತುವಿಗೆ ಅದರ ಪಕ್ಕ ಕೂರಲು ಆಗಲಿಲ್ಲ. ಎರಡು ಸಲ ಕೂತು ಎರಡು ಸಲವೂ ಮೊಣಕಾಲು ಹಿಡಿದುಕೊಂಡು ಎದ್ದ. ವಾಟರ್ ಸರ್ವೀಸಿನವರು ನಿಂತು ತೊಳೆಯುವವರು. ನಾನು ಬುದ್ಧಿ ಬಂದಾಗಿನಿಂದ ಕೂತು ತೊಳೆದವಳು, ಪಾತ್ರೆ, ಬಟ್ಟೆ, ನೆಲ. ಇದು ಒರಳುಕಲ್ಲಿನ ಎತ್ತರದ ಕಾರು. ಗಂಡಸರ ಎತ್ತರದ್ದಲ್ಲ. ತೋಳು ಮಡಚಿ ನಾನೇ ಕೂತೆ.

“ನೀವ ತೊಳೀತೀರೇನ್ರಿ?” ಅಂದರು ಸಿದ್ಧಲಿಂಗೇಶ.

“ಯಾಕೆ, ಬೇಡವಾ?”

“ಒಂಬತ್ ವರ್ಷ ಯಾರಿಗೂ ಕೈ ಹಚ್ಚಾಕ ಬಿಟ್ಟಿಲ್ರಿ. ಅವತ್ತು ಚಕ್ಕಿ ಮುಚ್ಚಿಡದ ತಂದು ಕೈಯಾಗ ಇಟ್ರಲ್ಲ, ಅದಕ್ಕ ಬಂದೀನಿ.”

ಎರಡೂವರೆ ಗಂಟೆ ಹಿಡಿಯಿತು. ಒರೆಸುವಾಗ ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು. ಎಷ್ಟೋ ದಿನದಿಂದ ನೋಡಿಕೊಂಡಿರಲಿಲ್ಲ.

೨ ಮಾರ್ಚ್, ಮಂಗಳವಾರ. ಐವತ್ತೊಂದನೇ ದಿನ

ಸುದ್ದಿ ಶಿವಾಜಿನಗರ ಮುಟ್ಟಿದೆ. ಶೌಕತ್ ಕೂರಲೂ ಇಲ್ಲ.

“ನಮ್ಮ ಮನೆ ಸೊಸೆ ಯಾರದ್ದೋ ಕಾರಿನ ಚಕ್ರ ಉಜ್ತಾಳೆ ಅಂತ ಮಾರ್ಕೆಟ್ಟೆಲ್ಲ ಮಾತು.”

“ನಿಮ್ಮಣ್ಣ ಹದಿನಾರು ವರ್ಷ ಉಜ್ಜಿದಾಗ ಮಾತಿರಲಿಲ್ಲ.”

“ಅಣ್ಣ ಗಂಡಸು.”

“ಅದು ಚಕ್ರಕ್ಕೆ ಗೊತ್ತಾಗಲ್ಲ ಶೌಕತ್.”

ಅತ್ತೆಯ ತಸ್ಬಿ ಒಂದು ಕ್ಷಣ ನಿಂತು ಮತ್ತೆ ತಿರುಗಿತು. ಅವನು ಹೋದವನು ನೇರವಾಗಿ ಮುನಿರಾಜಪ್ಪನವರ ಮನೆಗೆ ಹೋಗಿದ್ದಾನೆ. ಸಂಜೆಗೆ ತೀರ್ಪು ಬಂತು: ಪಕ್ಕದ ಅರ್ಧ ಜಾಗದಲ್ಲಿ ಶೌಕತ್ ಮಷಿನ್ ಹಾಕಲಿ, ಮೇ ಕೊನೆಗೆ ಯಾರ ಕಡೆ ಗಾಡಿ ಹೆಚ್ಚು ಬರುತ್ತವೋ ಅವರಿಗೆ ಪೂರ್ತಿ ಜಾಗ. ಆಗಲಿ.

೧೯ ಮಾರ್ಚ್, ಶುಕ್ರವಾರ

ಮಷಿನ್ ಇವತ್ತು ಶುರುವಾಯಿತು. ಚೆನ್ನಾಗಿದೆ. ಸುಳ್ಳು ಬರೆಯಲಾರೆ. ನೀಲಿ ಬ್ರಷ್ಷುಗಳು ಆಳೆತ್ತರ, ಗಾಡಿ ನಿಲ್ಲಿಸಿದರೆ ತಾವೇ ಹಿಂದೆಮುಂದೆ ಓಡಾಡಿ ಐದು ನಿಮಿಷಕ್ಕೆ ತೊಳೆದು ಕಳಿಸುತ್ತವೆ. ಜನ ಇಳಿದು ನಿಂತು ನೋಡುತ್ತಾರೆ. ನಮ್ಮ ಕಾಯಂ ಗಿರಾಕಿಗಳೂ ಅತ್ತ ಹೋದರು. ನಮಗೆ ಬಂದದ್ದು ಒಂದು ಆಟೋ.

“ನಾವೂ ಗನ್ ಹೊಡ್ದು ಬೇಗ ಬೇಗ ಕಳಿಸೋಣ ಅಕ್ಕಾ,” ಅಂದ ಮುತ್ತು.

ಬೇಗ ಎನ್ನುವುದರಲ್ಲಿ ಮಷಿನ್ನನ್ನು ಗೆಲ್ಲಲು ಆಗುವುದಿಲ್ಲ. ಅವನಿಗೆ ಕೂರಲು ಒಂದು ಗಿಡ್ಡ ಮಣೆ ಮಾಡಿಸಿದ್ದೇನೆ. ಕೂತು ಅಭ್ಯಾಸ ಮಾಡು ಎಂದೆ.

೨೭ ಮಾರ್ಚ್, ಶನಿವಾರ

ಶೌಕತ್‌ಗೆ ಕರಪತ್ರಕ್ಕೆ ಫೋಟೋ ಬೇಕಿತ್ತು. ಬದನೆಕಾಯಿ ಬಣ್ಣದ ಕಾರು ಮಷಿನ್ನಿನಿಂದ ಹೊರಗೆ ಬರುವ ಹಾಗೆ. ಬೆಳಿಗ್ಗೆ ಸಿದ್ಧಲಿಂಗೇಶ ಗೇಟಿಗೆ ಬರುತ್ತಲೇ ಮಷಿನ್ ಕಂಪನಿಯ ಫಿಟ್ಟರ್ ಅಡ್ಡ ನಿಂತ. “ಸರ್, ಫ್ರೀ. ಐದೇ ನಿಮಿಷ. ಎಲ್ಲಾ ಕಾರಿಗೂ ಆಗುತ್ತೆ.”

ಸಿದ್ಧಲಿಂಗೇಶ ಸಂಕೋಚದ ಮನುಷ್ಯ. ಇಲ್ಲ ಎನ್ನಲು ಬಾರದೆ ಸ್ಟೀರಿಂಗ್ ಹಿಡಿದು ಕೂತಿದ್ದರು. ನಾನು ಅಂಟುವಾಳದ ಕೈಯಲ್ಲೇ ಹೋಗಿ ಕಾರಿನ ಮುಂದೆ ನಿಂತೆ.

“ಭಾಭಿ, ಗಾಡಿ ಅವರದು. ಅವರು ಹೇಳಲಿ,” ಅಂದ ಶೌಕತ್.

“ಹೇಳಲಿ. ಮೊದಲು ಅಳತೆ ನೋಡೋಣ.”

ಮಷಿನ್ನಿನ ಒಳಗೆ ನೆಲದಲ್ಲಿ, ಮುಂದಿನ ಚಕ್ರಗಳನ್ನು ತಡೆದು ನಿಲ್ಲಿಸಲು ಒಂದು ಕಬ್ಬಿಣದ ದಿಂಡು ಇದೆ. ಅದರ ಪಕ್ಕ ಮಲಗಿ ಬೆರಳಿಟ್ಟು ಅಳೆದೆ. ಐದು ಬೆರಳು. ಎದ್ದು ಬಂದು ಕಾರಿನ ಪಕ್ಕ ಮಲಗಿ ಅಳೆದೆ. ನಾಲ್ಕು.

“ಚಕ್ರ ದಿಂಡಿಗೆ ತಾಗೋ ಮೊದಲು ಮೂತಿ ತಾಗುತ್ತೆ,” ಅಂದೆ. “ಫೈಬರ್ ಅದು, ಬಗ್ಗಲ್ಲ, ಸೀಳುತ್ತೆ. ಬ್ರಷ್ಷಲ್ಲಿ ಬೆಳಿಗ್ಗೆಯಿಂದ ಹತ್ತು ಗಾಡಿಯ ಮರಳು ಕೂತಿದೆ, ಅದು ಬೇರೆ. ಎಲ್ಲಾ ಕಾರಿಗೂ ಆಗುತ್ತೆ ಅಂದ್ರಲ್ಲ, ನೀವೂ ಮಲಗಿ ನೋಡಿ.”

ಫಿಟ್ಟರ್ ಮಲಗಲಿಲ್ಲ. ಶೌಕತ್ ಮಲಗಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎರಡೂ ಕಡೆ ಮಲಗಿ, ತನ್ನ ಬೆರಳಿಟ್ಟು ನೋಡಿದ. ಎದ್ದು ಧೂಳು ಕೊಡವಿಕೊಂಡು ಫಿಟ್ಟರ್‌ಗೆ ಹೇಳಿದ: “ಈ ಗಾಡಿ ಬೇಡ.”

ಸಿದ್ಧಲಿಂಗೇಶ ಆಗ ಬಾಯಿಬಿಟ್ಟರು. “ನಾನೂ ಅದನ್ನ ಹೇಳಾವಿದ್ದೆ ನೋಡ್ರಿ.” ಅತ್ತೆಗೆ ನಗು ತಡೆಯಲಾಗಲಿಲ್ಲ. ಜನವರಿಯಿಂದ ಈಚೆಗೆ ಅವರು ನಕ್ಕದ್ದು ಇವತ್ತೇ.

೪ ಏಪ್ರಿಲ್, ಭಾನುವಾರ

ಪ್ರದರ್ಶನಕ್ಕೆ ನಾನು ಹೋಗುವಂತಿರಲಿಲ್ಲ. ಬೆಳಿಗ್ಗೆ ಆರಕ್ಕೆ ತೊಳೆದು ಕಳಿಸಿದೆ. ಸಂಜೆ ನಾಲ್ಕಕ್ಕೆ ಕಾರು ವಾಪಸು ಬಂತು, ಮೈಯೆಲ್ಲ ಬೆರಳ ಗುರುತು.

“ಬಹುಮಾನ ಬರ್ಲಿಲ್ರಿ. ಒಂದು ಬಿಳೀ ಹಳೇ ಕಾರಿಗೆ ಹೋತು,” ಅಂದರು. “ಆದ್ರ ಆ ಬಿಳೀ ಕಾರಿನವ್ರ ನನ್ನ ಕೇಳಿದ್ರು, ಎಲ್ಲಿ ತೊಳಸ್ತೀರಿ ಅಂತ. ಇನ್ನೂ ಮೂರು ಮಂದಿ ವಿಳಾಸ ಬರಕೊಂಡ್ರು.”

ಆ ಬೆರಳ ಗುರುತುಗಳನ್ನು ಈಗಲೇ ತೆಗೆಯಬೇಕು, ರಾತ್ರಿ ಇಬ್ಬನಿ ಕೂತರೆ ಹಿಡಿದುಕೊಳ್ಳುತ್ತವೆ ಎಂದೆ. ಕೂತೆ.

೧೩ ಏಪ್ರಿಲ್, ಮಂಗಳವಾರ

ಇವತ್ತು ಎರಡು ತಗ್ಗಿನ ಗಾಡಿ, ಹೊಸದಾಗಿ ಬಣ್ಣ ಮಾಡಿಸಿದ ಒಂದು ಫಿಯೆಟ್. ಕೆಲಸಕ್ಕೆ ಜಟ್ಟೆಮ್ಮ ಸೇರಿದಳು. ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಅವಳು ಬಟ್ಟೆ ಹಿಂಡುವುದನ್ನು ನೋಡಿಯೇ ಒಪ್ಪಿಕೊಂಡೆ. ಮುತ್ತು ಮಣೆಯ ಮೇಲೆ ಕೂತು ಅವಳಿಗೆ ಉದ್ದಕ್ಕೆ ಎಳೆಯುವುದನ್ನು ಹೇಳಿಕೊಡುತ್ತಿದ್ದ, ತಾನೇ ಕಂಡುಹಿಡಿದವನಂತೆ.

೨೮ ಏಪ್ರಿಲ್, ಬುಧವಾರ

ಮುನಿರಾಜಪ್ಪನವರು ಮೇ ಮುಗಿಯುವವರೆಗೆ ಕಾಯಲಿಲ್ಲ. ಬೆಳಿಗ್ಗೆಯಿಂದ ಎದುರಿನ ಟೀ ಅಂಗಡಿಯಲ್ಲಿ ಕೂತು ಎಣಿಸಿದ್ದಾರೆ. ಶೌಕತ್ ಕಡೆ ಮೂವತ್ತೊಂದು ಗಾಡಿ, ನಮ್ಮ ಕಡೆ ಐದು.

“ನೀನೇ ನೋಡಮ್ಮ. ಲೆಕ್ಕ ಲೆಕ್ಕವೇ.”

“ನನಗೆ ಪೂರ್ತಿ ಬೇಡ. ನನ್ನ ಅರ್ಧ ನನ್ನ ಹೆಸರಿಗೆ ಬರ್ಕೊಡಿ. ಬಾಡಿಗೆ ಒಂದು ದಿನ ತಡ ಆದ್ರೆ ಬಿಡಿಸಿಕೊಳ್ಳಿ.”

“ಹೆಂಗಸರ ಹೆಸರಿಗೆ ಕರಾರು ಮಾಡಿ ನಮ್ಮಲ್ಲಿ ರೂಢಿ ಇಲ್ಲ.”

ಹಳೇ ಕರಾರನ್ನು ತಂದು ಅವರ ಮುಂದಿಟ್ಟೆ. “ಓದಿದ್ದೀನಿ ಸ್ವಾಮಿ. ಜಾಗ ನಿಮ್ಮ ತಾಯಿಯ ಹೆಸರಲ್ಲಿದೆ.”

ಅವರು ಕನ್ನಡಕ ಹಾಕಿಕೊಂಡು ಬೇಕೆಂದೇ ನಿಧಾನವಾಗಿ ಓದಿದರು. ಅಷ್ಟರಲ್ಲಿ ಶೌಕತ್ ಮಷಿನ್ ನಿಲ್ಲಿಸಿ ಬಂದ. ಅವನು ಏನನ್ನುತ್ತಾನೋ ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡೆ.

“ಅರ್ಧ ಭಾಭಿಗೆ ಇರಲಿ ಮುನಿರಾಜಪ್ಪನವರೇ,” ಅಂದ. “ತಗ್ಗಿನ ಗಾಡಿ ಬಂದ್ರೆ ನಾನು ಎಲ್ಲಿಗೆ ಕಳಿಸ್ಲಿ?”

ಜೂನ್ ಒಂದರಿಂದ ‘ಶಿರೀನ್ ಕೋಂ ಲೇಟ್ ಚಾಂದ್ ಪಾಷಾ’ ಎಂದು ಬರೆದುಕೊಡುತ್ತಾರೆ. ನಡುವೆ ಗೋಡೆ ಎಬ್ಬಿಸುವ ಖರ್ಚು ಶೌಕತ್‌ನದು. ಗೋಡೆಗೆ ಬಾಗಿಲು ಇಡಿಸು ಎಂದು ಅತ್ತೆ ಅವನಿಗೆ ಹೇಳಿದರು.

೨೫ ಮೇ, ಮಂಗಳವಾರ

ಅತ್ತೆ ಹಸಿರು ಬಳೆ ತಂದಿಟ್ಟರು. ಇದ್ದತ್ ಮುಗಿದು ಐದು ದಿನವಾಯಿತಂತೆ. ಬಳೆ ಗಾಡಿಯ ಬಣ್ಣಕ್ಕೆ ಗೀರು ಹಾಕುತ್ತದೆ, ಸಂಜೆ ತೊಡುತ್ತೇನೆ ಎಂದೆ.

೨ ಜೂನ್, ಬುಧವಾರ

ಅಕ್ತರ್ ಭಾಯ್ ಬಂದಿದ್ದರು. ಕೆ.ಆರ್. ಪುರದಲ್ಲಿ ಟ್ಯಾಕ್ಸಿ ಓಡಿಸುವವರು, ಇವರ ಹಳೆಯ ಗೆಳೆಯ. ಮಣ್ಣಿಗೆ ಬಂದು ಹೋದ ಮೇಲೆ ಇತ್ತ ತಲೆ ಹಾಕಿರಲಿಲ್ಲ. ಬರಲು ಮನಸ್ಸಾಗಲಿಲ್ಲ ಅಂದರು. ಇವರು ತೊಳೆಯುತ್ತಿದ್ದ ಅದೇ ಬಿಳಿ ಅಂಬಾಸಡರ್ ತಂದಿದ್ದರು.

“ಭಾಭಿ, ತೊಳೆದ ಮೇಲೆ ಕೆಳಗಡೆ ಡೀಸೆಲ್ ಹೊಡೆಸಿ. ಚಾಂದ್ ಯಾವಾಗ್ಲೂ ಹೊಡೀತಿದ್ದ. ತುಕ್ಕು ಹಿಡಿಯಲ್ಲ ಅಂತ.”

“ಡೀಸೆಲ್ ಹೊಡೆಯೋದು ಬಿಟ್ಟಿದ್ದೀನಿ ಭಾಯ್. ಅದು ಕೆಳಗಿನ ರಬ್ಬರೆಲ್ಲ ತಿಂದುಹಾಕುತ್ತೆ.”

“ಇಪ್ಪತ್ತು ವರ್ಷದ ಗಾಡಿ ಇದು. ಚಾಂದ್‌ಗೆ ಗೊತ್ತಿರಲಿಲ್ವಾ?”

“ಗೊತ್ತಿರಲಿಲ್ಲ,” ಅಂದೆ.

ಮುತ್ತು ಪೈಪು ಹಿಡಿದು ನಿಂತಿದ್ದ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅಕ್ತರ್ ಭಾಯ್ ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು, “ನಿಮಗೆ ಸರಿ ಕಂಡ ಹಾಗೆ ಮಾಡಿ,” ಎಂದು ಟೀ ಅಂಗಡಿಯ ಕಡೆ ಹೋದರು.

ನಾನೇ ತೊಳೆದೆ. ಚಾವಣಿಯ ಮೇಲಿನ ಕ್ಯಾರಿಯರ್‌ನ ಒಂದು ಸಂದಿಯಲ್ಲಿ ಹಳೇ ಸೋಪು ಗಟ್ಟಿಯಾಗಿ ಕೂತಿತ್ತು. ಇವರು ತೊಳೆದಾಗ ಕೈಗೆ ಸಿಗದೆ ಉಳಿದದ್ದು. ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ, ಅಷ್ಟರಲ್ಲಿ ಅಳು ಬಂತು. ಜನವರಿಯಲ್ಲಿ ಬಂದಿರಲಿಲ್ಲ, ಇವರ ಮಯ್ಯತ್ ಎತ್ತುವಾಗಲೂ ಬಂದಿರಲಿಲ್ಲ. ಟಾರ್ಪಾಲಿನ್ ಬಿಚ್ಚಿಸಿ ವಾರವಾಗಿದೆ. ಅಂಬಾಸಡರ್ ಎತ್ತರದ ಗಾಡಿ, ಕೂತು ಮುಖ ಮರೆಸಿಕೊಳ್ಳುವ ಹಾಗಿಲ್ಲ. ನಿಂತುಕೊಂಡೇ ಗಟ್ಟಿಯಾಗಿ ಅತ್ತುಬಿಟ್ಟೆ. ಕೈ ನಿಲ್ಲಿಸಲಿಲ್ಲ.

ಟ್ರಾಫಿಕ್ಕಿಗೆ ನಿಂತಿದ್ದ ಬಸ್ಸಿನವರೆಲ್ಲ ನೋಡಿದರು. ನೋಡಲಿ.